ಕುರ್ಚಿಯ ಮೇಲಿನ ನೀಲಿ ಅಂಗಿ

ಅವತ್ತು ಗುರುವಾರ. ಬಟಾಣಿ ಸೂಪು ಒಲೆಯ ಮೇಲಿತ್ತು. ನನ್ನ ಗಂಡ ಟೂರೆ ನಡುಮನೆಯ ಗೋಡೆಗೆ ಬಿಳಿ ಹೊದಿಕೆಯೊಂದನ್ನು ಮೊಳೆ ಹೊಡೆದು ಕಟ್ಟಿದ್ದ. ಅದರ ಮುಂದೆ ನನ್ನ ಬಟ್ಟೆಗಳನ್ನು ಒಂದೊಂದಾಗಿ ತೂಗುಹಾಕಿ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ. ನೂರ ನಲವತ್ತೊಂದು ಮುಗಿದಿದ್ದವು. ಇನ್ನು ಎರಡು. ಒಂದು ಹಳದಿ ಉಣ್ಣೆ ಸ್ವೆಟರು, ಇನ್ನೊಂದು ನನ್ನ ಮೈಮೇಲಿದ್ದ ಲಂಗ.

"ಬಿಚ್ಚಿ ಕೊಡು" ಅಂದ.

"ಸೂಪು ತಳ ಹಿಡಿಯತ್ತೆ."

"ಸೂಪು ತಿರುವೋಕೆ ಲಂಗ ಬೇಕಾ ಮುದುಕಿ?"

ಸೌಟು ಎತ್ತಿ ತೋರಿಸಿದೆ. ನಕ್ಕ. ಕೊನೆಗೆ ಬಿಚ್ಚಿ ಕೊಟ್ಟೆ. ನೂರ ನಲವತ್ತಮೂರನೆಯ ಫೋಟೋ ಬಿದ್ದಾಗ ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದ. ಕೂರಲಾಗದಷ್ಟು ಖುಷಿ ಅವನಿಗೆ. ಅರವತ್ತು ದಾಟಿದ ಗಂಡಸು.

ಮುಂದಿನ ವಾರದ ಶನಿವಾರ ನಮ್ಮೂರು ಬೂರೋಸಿನ ಹಳೆಯ ನೇಯ್ಗೆ ಗಿರಣಿಯಲ್ಲಿ, ಬಟ್ಟೆಯ ಲೆಕ್ಕ ಇಡುವ ಅವನ ಆ್ಯಪ್ ತೋರಿಸುವುದಿತ್ತು. ಹತ್ತು ಜನ, ಒಬ್ಬೊಬ್ಬರಿಗೆ ಏಳು ನಿಮಿಷ. ಆರಿಸಿದವರಿಗೆ ಗಿರಣಿಯಲ್ಲೇ ಒಂದು ಕೋಣೆ, ಒಂದು ವರ್ಷದ ನೆರವು. ಆರಿಸದಿದ್ದರೆ ಅದು ನಮ್ಮ ಓಣಿಯ ಹನ್ನೊಂದು ಫೋನುಗಳಲ್ಲಿ ಉಳಿದು ಸಾಯುತ್ತಿತ್ತು.

ಊಟ ಮುಗಿಸಿ ಅವನು ತನ್ನ ನೀಲಿ ಅಂಗಿ ಬಿಚ್ಚಿ ಮಲಗುವ ಕೋಣೆಯ ಕುರ್ಚಿಯ ಮೇಲೆ ಹಾಕಿದ. ನಾಳೆ ಕೆಳಗಿನ ಒಗೆಯುವ ಕೋಣೆಯ ಸರದಿ ನಮ್ಮದಿದೆ, ಬುಟ್ಟಿಗೆ ಹಾಕು ಎಂದೆ.

"ಬೇಡ. ಅದನ್ನ ಇನ್ನೂ ಒಂದು ದಿನ ಹಾಕ್ಕೋಬಹುದು. ಶನಿವಾರ ಅದನ್ನೇ ಹಾಕ್ಕೊಂಡು ಹೋಗ್ತೀನಿ."

"ಹಾಕಿ ಬಿಟ್ಟ ಅಂಗೀಲಿ ವೇದಿಕೆ ಹತ್ತುತೀಯಾ?"

"ವಿಷಯಾನೇ ಅದಲ್ಲವೇನೇ."

ಹಾಸಿಗೆಯ ಅಂಚಿಗೆ ಕೂತು ಆ ಶನಿವಾರಕ್ಕೆ ಇಬ್ಬರ ಬಟ್ಟೆಯನ್ನೂ ಫೋನಿನಲ್ಲಿ ಗೊತ್ತುಮಾಡಿಟ್ಟ. ನನಗೇನು ಇಟ್ಟಿದ್ದೀಯ ಎಂದು ಬಗ್ಗಿದರೆ ಪರದೆಯನ್ನು ಎದೆಗೆ ಒತ್ತಿಕೊಂಡ. ಶನಿವಾರ ಬೆಳಿಗ್ಗೆ ನೋಡು ಎಂದ.

ಅದು ನಮ್ಮ ಕೊನೆಯ ಮಾಮೂಲಿ ದಿನ.

ಟೂರೆ ಮೂವತ್ತನಾಲ್ಕು ವರ್ಷ ಬಟ್ಟೆಯ ಗೋದಾಮಿನಲ್ಲಿದ್ದ. ಜನ ಪುಸ್ತಕ ನೋಡಿ ಅಂಚೆಯಲ್ಲಿ ಬಟ್ಟೆ ತರಿಸುತ್ತಿದ್ದ ಕಾಲದಿಂದ. ಚೀಟಿ ಬಂದರೆ ಸಾಲು, ಅಟ್ಟಣಿಗೆ, ಅಂತಸ್ತು ನೋಡಿ ಬಟ್ಟೆ ತೆಗೆದು ಕೊಡುವುದು ಅವನ ಕೆಲಸ. ಕೊನೆಕೊನೆಗೆ ಜಾಗ ತಿಳಿಯಲು ಚೀಟಿಯೂ ಬೇಕಿರಲಿಲ್ಲ. ಆಮೇಲೆ ತಾನೇ ಹೋಗಿ ತೆಗೆಯುವ ಯಂತ್ರ ಬಂತು, ಟೂರೆ ಮನೆಗೆ ಬಂದ. ಕೆಲಸ ಹುಡುಕಿಕೊಡುವ ಕಚೇರಿಯಲ್ಲಿ ಒಬ್ಬಳು ಎದುರಿಗೆ ಕೂತು, ನಿಮಗೆ ಏನು ಬರುತ್ತದೆ ಎಂದು ಕೇಳಿದಳಂತೆ. ಬಟ್ಟೆ ಎಲ್ಲಿದೆ ಅಂತ ನನಗೆ ಗೊತ್ತಿರುತ್ತದೆ ಎಂದನಂತೆ ಇವನು. ಅವಳು ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದಳು. ಮನೆಗೆ ಬಂದು ಅದನ್ನು ಮೂರು ಸಲ ಹೇಳಿದ. ಖಾಲಿ ಬಿಟ್ಟಳು ಎಂದ. ಅವಳನ್ನು ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದ.

ಮೊದಲ ವಾರ ನನ್ನ ಅಡುಗೆಮನೆಯನ್ನು ಗೋದಾಮಿನ ಹಾಗೆ ಜೋಡಿಸಿದ. ಉಪ್ಪು ಸಿಗದೆ ಅಲ್ಲಿಂದ ಓಡಿಸಿದೆ. ಹೋಗಿ ಬಟ್ಟೆಯ ಕಪಾಟಿನ ಮುಂದೆ ನಿಂತ. ದಿನಾ ಬೆಳಿಗ್ಗೆ ನಾನು ಅಲ್ಲಿ ನಿಂತು ಹಾಕಿಕೊಳ್ಳಲು ಏನೂ ಇಲ್ಲ ಎನ್ನುತ್ತಿದ್ದೆ. ಅವನು ಎರಡು ವಾರ ಬಾಯಿಬಿಡದೆ ಗುರುತು ಹಾಕಿಕೊಂಡ. ಆಮೇಲೆ ಹೇಳಿದ: "ನಿನ್ನ ಹತ್ತಿರ ಇರೋದು ನೂರ ನಲವತ್ತಮೂರು. ನೀನು ಹಾಕೋದು ಹತ್ತೊಂಬತ್ತು. ಗೋದಾಮನ್ನ ಹೀಗಿಟ್ಟಿದ್ದಿದ್ರೆ ನನ್ನ ಅವತ್ತೇ ಓಡಿಸ್ತಿದ್ರು."

"ನನ್ನ ಓಡಿಸಿ ನೋಡು" ಎಂದೆ.

ಮರುದಿನ ಅವನು ರಟ್ಟಿನ ಡಬ್ಬಿಗಳನ್ನು ಫೋನಿನ ಅಳತೆಗೆ ಕತ್ತರಿಸಿದ. ಒಂದೊಂದು ರಟ್ಟಿನ ಮೇಲೂ ಪೆನ್ಸಿಲ್ಲಿನಲ್ಲಿ ಚೌಕಗಳು. ಒಂದರಲ್ಲಿ ಕಪಾಟು, ಒಂದರಲ್ಲಿ ನಾಳೆಯ ಹವಾಮಾನ, ಒಂದರಲ್ಲಿ ನಾಳೆಗೆ ಹಾಕುವ ಜೋಡಿ. ನನ್ನನ್ನು ಮೇಜಿನ ಮುಂದೆ ಕೂರಿಸಿ, ಒತ್ತು ಎಂದ. ನಾನು ರಟ್ಟಿನ ಮೇಲೆ ಬೆರಳು ಇಟ್ಟರೆ ಅವನು ಅದನ್ನು ಸರಕ್ಕನೆ ಎಳೆದು ಮುಂದಿನ ರಟ್ಟು ಇಡುತ್ತಿದ್ದ. ನಾನು ತಪ್ಪು ಜಾಗ ಒತ್ತಿದರೆ ತಪ್ಪು ನನ್ನದಲ್ಲ, ರಟ್ಟಿನದು ಎನ್ನುತ್ತಿದ್ದ. ರಬ್ಬರಿನಲ್ಲಿ ಅಳಿಸಿ ಚೌಕವನ್ನು ನನ್ನ ಬೆರಳು ಹೋದ ಕಡೆಗೇ ತರುತ್ತಿದ್ದ. ನಾನು ಹದಿನೈದಕ್ಕೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು. ನನ್ನ ಬೆರಳು ಹೋದ ಕಡೆಗೆ ಯಾವುದನ್ನೂ ಯಾರೂ ತಂದಿರಲಿಲ್ಲ. ನನಗೂ ಹುರುಪು ಹತ್ತಿತು. ಪಾತ್ರೆ ತೊಳೆಯುವುದು ಬಿಟ್ಟು ಬಂದು ಕೂತು ಒತ್ತುತ್ತಿದ್ದೆ.

ಗೋದಾಮಿನ ಪಾಠವೆಲ್ಲ ಅದರಲ್ಲಿ ಹಾಕಿದ. ಬೇಗ ಖಾಲಿಯಾಗುವ ಮಾಲನ್ನು ಸೊಂಟದ ಎತ್ತರಕ್ಕೆ ಇಡಬೇಕು, ಬಗ್ಗುವಂತೆ ಆಗಬಾರದು. ಹಾಗೆಯೇ ಹೆಚ್ಚು ಹಾಕುವ ಬಟ್ಟೆ ಪರದೆಯ ನಡುವೆ ಬರಬೇಕು, ಹೆಬ್ಬೆರಳಿಗೆ ಎಟುಕಬೇಕು. ಎರಡು ಚಳಿಗಾಲ ಹಾಕದ್ದು ತಾನಾಗಿ ಮೇಲಕ್ಕೆ ಸರಿಯಬೇಕು.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಪಿರ್ಯೋ ಇದ್ದಳು. ಫಿನ್ಲೆಂಡಿನವಳು, ನಲವತ್ತು ದಾಟಿದವಳು, ಬಸ್ಸಿನ ವೇಳೆ ತೋರಿಸುವ ಆ್ಯಪ್ ಬರೆಯುವ ಕೆಲಸ. ಇಡೀ ಕಟ್ಟಡಕ್ಕೆ ಒಂದೇ ಇದ್ದ ನೆಲಮಾಳಿಗೆಯ ಒಗೆಯುವ ಕೋಣೆಯಲ್ಲಿ ಅವಳ ಸರದಿಯ ಅರ್ಧ ಗಂಟೆ ಟೂರೆ ತಿಂದುಹಾಕಿದ್ದಕ್ಕೆ ಬಾಗಿಲಿಗೆ ಚೀಟಿ ಅಂಟಿಸಿದ್ದಳು. ಕ್ಷಮೆ ಕೇಳಲು ಹೋದವನು ರಟ್ಟುಗಳನ್ನೂ ತೆಗೆದುಕೊಂಡು ಹೋದ. ಎರಡು ಗಂಟೆ ಕಳೆದು ಅವಳೇ ಅವನೊಂದಿಗೆ ಕೆಳಗೆ ಬಂದಳು, ಕೈಯಲ್ಲಿ ರಟ್ಟು.

"ಮಾಯ್ವೊರ್, ನಿನ್ನ ಗಂಡಂಗೆ ತಲೆ ಕೆಟ್ಟಿದೆ. ನಾನು ಇದನ್ನ ಮಾಡ್ಕೊಡ್ತೀನಿ" ಎಂದಳು.

ನವೆಂಬರಿನಲ್ಲಿ ಅದನ್ನು ಓಣಿಯ ಹನ್ನೊಂದು ಮನೆಯವರ ಫೋನಿಗೆ ಹಾಕಿ ಕೊಟ್ಟರು. ಸೋಮವಾರ ಎಲ್ಲರೂ ಹೊಗಳಿದರು. ಬುಧವಾರ ಒಬ್ಬರೂ ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಎರಡನೇ ಮಹಡಿಯ ಹಿಲ್ಡಿಂಗ್, ಎಂಬತ್ತೆರಡು ವರ್ಷದವನು, ಮದುವೆಯ ಕರಿ ಸೂಟು ಹಾಕಿ, ಬಿಳಿ ಬೋ ಟೈ ಕಟ್ಟಿ ನಿಂತಿದ್ದ. ಕೈಯಲ್ಲಿ ಚೀಲ.

"ಹಾಲು ತರೋಕೆ ಹೊರಟೆ. ನಿನ್ನ ಫೋನು ಇದೊಂದೇ ಉಳಿದಿರೋದು ಅಂತು, ಟೂರೆ. ಮೊಸರೂ ತರಬೇಕಿತ್ತು. ಅದಕ್ಕೆ ಟೋಪಿನೂ ಹಾಕ್ಕೋಬೇಕಾ?"

ನಾನು ನಕ್ಕು ಬಾಗಿಲಿಗೆ ಒರಗಿದೆ. ಟೂರೆ ನಗಲಿಲ್ಲ. ಆ್ಯಪಿನಲ್ಲಿ ಬಟ್ಟೆಗೆ ಎರಡೇ ಜಾಗ ಇಟ್ಟಿದ್ದ: ಕಪಾಟು, ಒಗೆಯುವ ಬುಟ್ಟಿ. ಗೋದಾಮಿನಲ್ಲಿ ಮಾಲು ಒಳಗಿರುತ್ತದೆ ಇಲ್ಲವೇ ಹೊರಗೆ ಹೋಗಿರುತ್ತದೆ, ಮೂರನೆಯದು ಇಲ್ಲ. ಹಾಗಾಗಿ ಒಮ್ಮೆ ಹಾಕಿದ ಉಣ್ಣೆಯೆಲ್ಲ ಫೋನಿನ ಲೆಕ್ಕದಲ್ಲಿ ಬುಟ್ಟಿಗೆ ಹೋಯಿತು. ನಮ್ಮಲ್ಲಿ ಉಣ್ಣೆಯನ್ನು ಯಾರು ಒಗೆಯುತ್ತಾರೆ? ಬಾಲ್ಕನಿಯಲ್ಲಿ ಗಾಳಿಗೆ ಹಾಕುತ್ತೇವೆ, ಮತ್ತೆ ಹಾಕಿಕೊಳ್ಳುತ್ತೇವೆ. ಒಗೆಯುವ ಸರದಿ ಬರುವುದೇ ಹತ್ತು ದಿನಕ್ಕೊಮ್ಮೆ.

ಟೂರೆ ಮೇಜಿನ ಮೇಲೆ ರಟ್ಟು ಹರಡಿ ಕೂತ. ಪಿರ್ಯೋಳೂ ಬಂದಳು. ಎಲ್ಲ ಮೊದಲಿನಿಂದ ಬರೆಯಬೇಕು ಎಂದು ಇಬ್ಬರೂ ತಲೆಗೆ ಕೈ ಹಚ್ಚಿದರು. ನಾನು ಕಾಫಿ ಇಟ್ಟು ರಟ್ಟುಗಳ ಮೇಲೆ ಕಣ್ಣಾಡಿಸಿದೆ.

"ಕುರ್ಚಿ ಎಲ್ಲಿ?" ಎಂದೆ.

"ಯಾವ ಕುರ್ಚಿ?"

"ಮಲಗೋ ಕೋಣೇದು. ನೀನು ದಿನಾ ಬಟ್ಟೆ ಹಾಕ್ತೀಯಲ್ಲ, ಅದು. ಕೊಳೆ ಆಗಿಲ್ಲ, ಮಡಿಚಿ ಇಡೋ ಹಾಗೂ ಇಲ್ಲ. ಆ ಕುರ್ಚಿ ಮೇಲೆ ಒಬ್ಬರೂ ಕೂತಿದ್ದು ನಾನು ಕಂಡಿಲ್ಲ."

ಇಬ್ಬರೂ ನನ್ನನ್ನೇ ನೋಡಿದರು. ಪಿರ್ಯೋ ಕಾಫಿ ಬಟ್ಟಲನ್ನು ಕೆಳಗಿಟ್ಟಳು. ಟೂರೆ ಎದ್ದು ಮಲಗುವ ಕೋಣೆಗೆ ಹೋಗಿ ಕುರ್ಚಿಯನ್ನು ಬಟ್ಟೆ ಸಮೇತ ಹೊತ್ತು ತಂದು ಮೇಜಿನ ಪಕ್ಕ ಇಟ್ಟ. ಅದರ ಮೇಲೆ ಎರಡು ಸ್ವೆಟರು, ಒಂದು ಪ್ಯಾಂಟು, ನನ್ನದೊಂದು ರವಿಕೆ. ಅವನು ಒಂದೊಂದನ್ನೂ ಎತ್ತಿ, ಇದು, ಇದು, ಇದು ಎನ್ನುತ್ತಿದ್ದ. ಪಿರ್ಯೋ ಆಗಲೇ ಬರೆಯತೊಡಗಿದ್ದಳು.

"ಮೂವತ್ತನಾಲ್ಕು ವರ್ಷ ಗೋದಾಮಲ್ಲಿ ಇವನು ಏನು ಮಾಡ್ದ ಅಂತೀನಿ" ಎಂದಳು ತಲೆ ಎತ್ತದೆ. "ಕುರ್ಚಿ ಕಂಡಿದ್ದು ಹೆಂಡತಿಗೆ."

ಒಂದು ಷರತ್ತು ಮಾತ್ರ ನಾನು ಹಾಕಿದೆ. ಕುರ್ಚಿಯ ಮೇಲೆ ಯಾವುದೂ ಹತ್ತು ದಿನ ದಾಟಬಾರದು, ಗಂಡಸರನ್ನು ಅವರ ಪಾಡಿಗೆ ಬಿಟ್ಟರೆ ವರ್ಷಗಟ್ಟಲೆ ಇಡುತ್ತಾರೆ. ಹತ್ತನೆಯ ದಿನ ಬೆಳಿಗ್ಗೆ ಫೋನು ಕೇಳಲೇಬೇಕು, ಒಗೆಯಲು ಹಾಕಲೇ ಎಂದು. ಉತ್ತರ ಕೊಡುವವರೆಗೆ ಬಿಡಬಾರದು, ಈಗಲೇ ಬೇಡ ಎಂದರೆ ಮರುದಿನ ಮತ್ತೆ ಕೇಳಬೇಕು. ಟೂರೆ ಒಪ್ಪಿದ. ಆ್ಯಪಿಗೆ ಕುರ್ಚಿ ಎಂದೇ ಹೆಸರಾಯಿತು.

ಡಿಸೆಂಬರಿನಲ್ಲಿ ಹಿಲ್ಡಿಂಗ್ ಮೂರು ವಾರ ಅದನ್ನು ಬಳಸಿದ. ಬಂದು, ನನಗೆ ಇಷ್ಟು ಬಟ್ಟೆ ಇದೆ ಅಂತ ಗೊತ್ತೇ ಇರಲಿಲ್ಲ ಎಂದ. ಹೇಳಿದ್ದು ಅಷ್ಟೇ. ಟೂರೆ ಆ ಮಾತನ್ನು ಹಿಡಿದುಕೊಂಡು ಕ್ರಿಸ್ಮಸ್ ಮುಗಿಯುವವರೆಗೆ ಮನೆ ತುಂಬ ಓಡಾಡಿದ. ಜನವರಿಯಲ್ಲಿ ಗಿರಣಿಯವರಿಗೆ ಬರೆದ. ಫೆಬ್ರವರಿಯಲ್ಲಿ ಕರೆ ಬಂತು.

ಫೋಟೋ ಮುಗಿದ ಆ ಗುರುವಾರದ ಮರುದಿನ ಬೆಳಿಗ್ಗೆ ಏಳಕ್ಕೆ ಅವನು ಬುಟ್ಟಿ ಹೊತ್ತು ಒಗೆಯುವ ಕೋಣೆಗೆ ಇಳಿದ. ಎಂಟಾದರೂ ಬರಲಿಲ್ಲ. ಹೋಗಿ ನೋಡಿದೆ. ಯಂತ್ರ ತಿರುಗುತ್ತಿತ್ತು, ಅವನು ಅದರ ಮುಂದೆ ನೆಲದ ಮೇಲೆ ಒರಗಿ ಕೂತಿದ್ದ. ಹೃದಯ ನಿಂತಿತ್ತು. ಇದರ ಬಗ್ಗೆ ನಾನು ಇಷ್ಟೇ ಬರೆಯುವುದು.

ನಮ್ಮಲ್ಲಿ ಮಣ್ಣು ಮಾಡಲು ಮೂರು ವಾರ ಹಿಡಿಯುತ್ತದೆ. ಶನಿವಾರ ಅದರ ಮೊದಲೇ ಬಂತು. ಪಿರ್ಯೋ ಬಂದು, ಗಿರಣಿಯವರಿಗೆ ಬರುವುದಿಲ್ಲ ಅಂತ ಹೇಳಿಬಿಡುತ್ತೇನೆ ಎಂದಳು. ನನಗೆ ಕಾಣಿಸಿದ್ದು ಕಚೇರಿಯವಳು ಖಾಲಿ ಬಿಟ್ಟ ಆ ಜಾಗ. ನಾನು ಬರುತ್ತೇನೆ ಎಂದೆ.

ಶನಿವಾರ ಬೆಳಿಗ್ಗೆ ಶೋಕದ ಕರಿ ಬಟ್ಟೆ ತೆಗೆದಿಟ್ಟು ಕಾಫಿ ಕುಡಿಯುತ್ತಿದ್ದೆ. ಫೋನು ಸದ್ದು ಮಾಡಿತು. ಇವತ್ತಿನ ಜೋಡಿ. ಎಡಕ್ಕೆ ನನ್ನದು: ಬೂದು ಲಂಗ, ಹಳದಿ ಸ್ವೆಟರು. ಬಲಕ್ಕೆ ಅವನದು: ನೀಲಿ ಅಂಗಿ, ಕುರ್ಚಿಯ ಮೇಲಿದೆ.

ಆ ಹಳದಿ ಸ್ವೆಟರು ಹನ್ನೆರಡು ವರ್ಷದಿಂದ ಮೇಲಿನ ಅರೆಯಲ್ಲಿತ್ತು. ನನಗೆ ತೀರ ಹೊಳಪಾಯಿತು ಎಂದು ಹಾಕುತ್ತಿರಲಿಲ್ಲ. ಹಾಕಿಕೊಂಡೆ. ಮೆಟ್ಟಿಲಲ್ಲಿ ಹಿಲ್ಡಿಂಗನ ಕಣ್ಣು ಸ್ವೆಟರಿಗೆ ಬಿತ್ತು. ಬಾಗಿಲು ತೆರೆದು ಹಿಡಿದ. ಅವನೂ ಬಂದ, ಅದೇ ಮದುವೆಯ ಸೂಟಿನಲ್ಲಿ.

ಸಭೆ ತುಂಬಿತ್ತು. ನಮ್ಮದು ಆರನೆಯದು. ಪಿರ್ಯೋ ದೊಡ್ಡ ಪರದೆಗೆ ಫೋನು ಜೋಡಿಸಿದಳು. ನನಗೆ ಆಗುತ್ತಿದ್ದದ್ದು ಹೆದರಿಕೆಯಲ್ಲ. ರಟ್ಟಿನ ಮುಂದೆ ಕೂತಾಗ ಬರುತ್ತಿದ್ದ ಹುರುಪೇ. ಟೂರೆ ಬರೆದಿಟ್ಟ ಭಾಷಣ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಹಿಲ್ಡಿಂಗ್ ಹಾಲು ತರಲು ಹೋದ ಕತೆ ಹೇಳಿದೆ. ಸಭೆ ನಕ್ಕಿತು. ಹಿಲ್ಡಿಂಗ್ ಎದ್ದು ನಿಂತು ಬೋ ಟೈ ಸರಿಮಾಡಿಕೊಂಡ. ಮತ್ತೆ ನಕ್ಕರು.

ಆರಿಸುವವರಲ್ಲಿ ಒಬ್ಬಳು, ಇದು ಜನರಿಗೆ ಬೇಕು ಅನ್ನೋದು ನಿಮಗೆ ಹೇಗೆ ಗೊತ್ತು ಎಂದಳು.

"ಮಲಗೋ ಕೋಣೇಲಿ ಯಾರೂ ಕೂರದ ಕುರ್ಚಿ ಯಾರ ಮನೇಲಿದೆ? ಕೈ ಎತ್ತಿ" ಎಂದೆ.

ನಮ್ಮ ಜನ ಬೇಗ ಕೈ ಎತ್ತುವವರಲ್ಲ. ಕಾದೆ. ಮೊದಲು ಎತ್ತಿದ್ದು ಕೇಳಿದವಳೇ. ಆಮೇಲೆ ಅವಳ ಪಕ್ಕದವನು. ಆಮೇಲೆ ಸಾಲು ಸಾಲಾಗಿ, ಹಿಂದಿನ ಗೋಡೆಯವರೆಗೆ. ಪಿರ್ಯೋ ನನ್ನ ತೋಳು ಹಿಡಿದುಕೊಂಡಳು, ಉಗುರು ಊರಿತು.

ಪರದೆಯ ಮೇಲೆ ಅವತ್ತಿನ ಜೋಡಿ ತೋರಿಸಿದೆ. ಇದನ್ನು ಹಾಕಿಕೋ ಅಂತ ಹೋದ ವಾರದ ಗುರುವಾರ ನನ್ನ ಗಂಡ ಇಟ್ಟಿದ್ದ, ಶುಕ್ರವಾರ ಸತ್ತ, ಇದು ಅವನು ಗೊತ್ತುಮಾಡಿದ ಸಮಯಕ್ಕೆ ಸರಿಯಾಗಿ ಹೇಳಿತು ಎಂದೆ. ಆ್ಯಪ್ ಕೆಲಸ ಮಾಡುತ್ತದೆ ಎಂದೆ. ಏಳು ನಿಮಿಷಕ್ಕೆ ಇನ್ನೂ ಒಂದು ನಿಮಿಷ ಬಾಕಿ ಇತ್ತು. ಇಳಿದು ಬಂದೆ.

ಸಂಜೆಯೊಳಗೆ ನಮ್ಮನ್ನು ಆರಿಸಿದರು. ಪಿರ್ಯೋ ಅತ್ತಳು. ಹಿಲ್ಡಿಂಗ್ ಎರಡು ದಾಲ್ಚಿನ್ನಿ ಬನ್ನು ತಿಂದು ಮೂರನೆಯದನ್ನು ಜೇಬಿಗೆ ಹಾಕಿಕೊಂಡ. ತುಂಬಿ ಕೊಡಲು ಒಂದು ಹಾಳೆ ಕೊಟ್ಟರು. ವಿನ್ಯಾಸ ಮಾಡಿದವರು ಎಂಬಲ್ಲಿ ಟೂರೆಯ ಹೆಸರು ಬರೆದೆ. ಪಕ್ಕದಲ್ಲಿ, ಅವರ ಪರಿಣತಿ ಎಂದಿತ್ತು. ಬಟ್ಟೆ ಎಲ್ಲಿದೆ ಅಂತ ಗೊತ್ತಿತ್ತು ಎಂದು ಬರೆದೆ. ನನ್ನ ಅಕ್ಷರ ದೊಡ್ಡದು, ಚೌಕದ ಹೊರಗೆ ಹೋಯಿತು.

ಈಗ ಗಿರಣಿಯಲ್ಲಿ ಪಿರ್ಯೋಗೆ ಕೋಣೆ ಇದೆ, ಕೈಕೆಳಗೆ ಇಬ್ಬರಿದ್ದಾರೆ. ಏನಾದರೂ ಹೊಸದು ಮಾಡಿದರೆ ಮೊದಲು ರಟ್ಟಿನ ಮೇಲೆ ಬರೆದು ತರುತ್ತಾಳೆ. ನಾನು ಒತ್ತುತ್ತೇನೆ. ಊರಾಚೆಯವರೂ ಬಳಸುತ್ತಾರಂತೆ. ಬಸ್ಸಿನಲ್ಲಿ ಒಮ್ಮೆ ಪಕ್ಕದ ಹೆಂಗಸಿನ ಫೋನಿನಲ್ಲಿ ಕುರ್ಚಿಯ ಚಿತ್ರ ಕಂಡು ಇಳಿಯುವ ನಿಲ್ದಾಣ ಬಿಟ್ಟೆ.

ಆ ಶನಿವಾರದ ಮರುದಿನಕ್ಕೆ ನೀಲಿ ಅಂಗಿಗೆ ಹತ್ತು ದಿನ ತುಂಬಿತು. ಬೆಳಿಗ್ಗೆ ಆರಕ್ಕೆ ಫೋನು ಕೇಳಿತು: ಟೂರೆಯ ನೀಲಿ ಅಂಗಿ ಕುರ್ಚಿಯ ಮೇಲಿದೆ, ಒಗೆಯಲು ಹಾಕಲೇ? ಷರತ್ತು ನನ್ನದೇ. ಉತ್ತರ ಕೊಡುವವರೆಗೆ ಅದು ಬಿಡುವುದಿಲ್ಲ. ಪಿರ್ಯೋ ಅದನ್ನು ನಿಲ್ಲಿಸಿ ಕೊಡುತ್ತೇನೆ ಎಂದಳು. ಬೇಡ ಎಂದೆ.

ಎರಡು ವರ್ಷವಾಯಿತು. ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಫೋನು ಕೇಳುತ್ತದೆ. ಈಗಲೇ ಬೇಡ ಎಂಬಲ್ಲಿ ಒತ್ತುತ್ತೇನೆ. ಅಂಗಿಯನ್ನು ಬಾಲ್ಕನಿಗೆ ಒಯ್ದು ಎರಡು ಸಲ ಕೊಡವಿ, ಕಾಫಿ ಕುದಿಯುವಷ್ಟು ಹೊತ್ತು ಗಾಳಿಗೆ ಹಾಕಿ, ತಂದು ಕುರ್ಚಿಯ ಮೇಲೆ ಹಾಕುತ್ತೇನೆ.