ಮಾವನ ಎದುರು ಹೇಳದೆ ಬಿಟ್ಟ ಮಾತು

ಕಾಯಿಲೆ ಹಳೆಯದಾದಂತೆ ರೋಗಿಗೂ ಒಂದು ಜಂಬ ಬರುತ್ತದೆ. ನನಗೆ ಲೂಪಸ್ ಬಂದು ಹನ್ನೊಂದು ವರ್ಷ. ಪುಣೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಅರ್ಧ ಡಾಕ್ಟರೇ ಆಗಿಬಿಟ್ಟಿದ್ದೆ. ರಿಪೋರ್ಟಿನಲ್ಲಿ ಯಾವ ಅಂಕಿ ಏರಬಾರದು, ಯಾವುದು ಇಳಿಯಬಾರದು ಎಲ್ಲ ಬಾಯಿಪಾಠ. ಕನ್ನಡ ಬಿಟ್ಟರೆ ಬೇರೇನೂ ಬಾರದ ರೋಗಿ ಬಂದರೆ ಮರಾಠಿಯ ಡಾಕ್ಟರ್‌ಬಾಯಿ ಮಾತು ದಾಟಿಸಲು ನನ್ನನ್ನೇ ಒಳಗೆ ಕರೆಯುತ್ತಿದ್ದರು. ಕರೆಯಲಿ ಎಂದು ನಾನೂ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಹಾಗೆ ಸಿಕ್ಕವಳು ಆ ಹುಡುಗಿ. ಇಪ್ಪತ್ತೆರಡರ ಆಸುಪಾಸು, ಯಾದಗಿರಿ ಕಡೆಯವಳು. ಯೆರವಡಾದ ಹತ್ತಿರ ಏಳುತ್ತಿದ್ದ ಕಟ್ಟಡದಲ್ಲಿ ಗಂಡ ಮತ್ತು ಮಾವನ ಜೊತೆ ಸಿಮೆಂಟಿನ ಪುಟ್ಟಿ ಹೊರುತ್ತಿದ್ದಳು. ಎರಡೂ ಕೆನ್ನೆ ಕೆಂಪಗಾಗಿದ್ದವು, ಬೆರಳು ಮಡಚಲು ಬರುತ್ತಿರಲಿಲ್ಲ; ನನ್ನದೇ ಕಾಯಿಲೆ. ಆ ದಿನ ಅವಳನ್ನು ಕರೆತಂದವನು ಮಾವ. ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದೇ ನಿಂತಿದ್ದಳು.

“ಇದೆಂಥಾ ಬ್ಯಾನಿ ಅಕ್ಕಾರ?” ಎಂದು ಮೆಲ್ಲಗೆ ಕೇಳಿದಳು.

“ಮೈ ಕಾಯೋ ಶಕ್ತಿನ ಮೈಮ್ಯಾಲ ತಿರುಗಿ ಬಿದ್ದದ, ತಂಗಿ. ಬೇಲಿನ ಎದ್ದು ಹೊಲ ಮೇಯ್ದಂಗ.”

ಮಾವ ತಲೆಯಾಡಿಸಿದ. ಅವನಿಗೂ ಅರ್ಥವಾಯಿತಲ್ಲ ಎಂದು ನಾನು ಉಬ್ಬಿದೆ. ಬಿಸಿಲಿಗೆ ಹೋಗಬಾರದು ಎಂದಾಗ ಮಾತ್ರ ಅವನು ನನ್ನನ್ನೇ ದಿಟ್ಟಿಸಿದ. “ಬಿಸಲಿಗಿ ಹೋಗ್ಲಿಲ್ಲಂದ್ರ ಉಣ್ಣೋದು ಹ್ಯಾಂಗ್ರಿ?”

ಕೊನೆಗೆ ಡಾಕ್ಟರ್‌ಬಾಯಿ ಮರಾಠಿಯಲ್ಲಿ ಒತ್ತಿ ಹೇಳಿದರು. ಈ ಕಾಯಿಲೆ ಸದ್ದಿಲ್ಲದೆ ಕಿಡ್ನಿಗೆ ಕೈಹಾಕುತ್ತದೆ, ನೋವೇ ಇರುವುದಿಲ್ಲ. ಮೂತ್ರದಲ್ಲಿ ನೊರೆ ಕಂಡರೆ ಮರುದಿನವೇ ಬರಬೇಕು. ಇದನ್ನು ಮಾತ್ರ ಬಿಡದೆ ಹೇಳಿ ಎಂದರು.

ನಾನು ಬಾಯಿ ತೆರೆದೆ. ಮಾವ ಪಕ್ಕದಲ್ಲೇ ಇದ್ದ. ಮರಾಠಿಯಲ್ಲಿ ಕೇಳುವಾಗ ಅದು ಬರೀ ರಿಪೋರ್ಟಿನ ಮಾತು. ಆದರೆ ಸೊಸೆ ಒಂದಕ್ಕೆ ಹೋಗುವ ಸುದ್ದಿಯನ್ನು ನಮ್ಮ ಮಾತಿನಲ್ಲಿ ಮಾವನ ಎದುರು ಆಡಲು ನಾಲಿಗೆ ಏಳಲಿಲ್ಲ. ಅವಳ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡೆ.

“ಗುಳಿಗಿ ಬಿಡಬ್ಯಾಡ. ಏನಾರ ಹೆಚ್ಚುಕಮ್ಮಿ ಆದ್ರ ಲಗೂ ಬಾ,” ಎಂದೆ.

ಹೊರಗೆ ಬದಿಗೆ ಕರೆದು ಹೇಳೋಣ ಎಂದಿತ್ತು. ಅಷ್ಟರಲ್ಲಿ ನನ್ನ ಸರದಿ ಬಂತು. ನನ್ನ ತಪಾಸಣೆ ಮುಗಿಸಿ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ನಂಬರ್ ಕೂಡ ತೆಗೆದುಕೊಂಡಿರಲಿಲ್ಲ. ಮುಂದಿನ ತಿಂಗಳು ಬರುತ್ತಾಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವಳು ಬರಲಿಲ್ಲ. ನಾನು ಮರೆತೆ.

ಸಂಕ್ರಾಂತಿಯ ನಂತರ ಅದೇ ಬೆಂಚಿನ ಮೇಲೆ ಗಂಡನಿಗೆ ಒರಗಿ ಕೂತಿದ್ದಳು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ರಿಪೋರ್ಟಿನ ಅಂಕಿಗಳನ್ನು ನಾನೂ ನೋಡಿದೆ, ಏರಬಾರದ್ದೆಲ್ಲ ಏರಿತ್ತು. ಈ ಸಲ ಯಾರ ನಾಚಿಕೆಯನ್ನೂ ನೋಡದೆ ಕೇಳಿದೆ.

“ಒಂದಕ್ಕ ಹೋದಾಗ ಬುರುಗು ಬರ್ತಿತ್ತೇನು?”

“ದೀವಳಿಗಿಯಿಂದ ಬರ್ಲಾಕತ್ತದ್ರಿ. ಬಿಸಲಾಗ ದುಡೀತೀವಿ, ಉಷ್ಣ ಇರ್ಬೇಕಂತ ಜೀರಗಿ ನೀರು ಕುಡದೆ. ಹಳೀ ಚೀಟಿ ತೋರ್ಸಿ ಗುಳಿಗಿ ತರಸ್ಕೋತ ಇದ್ದೆ. ಒಂದ್ ದಿನಾನೂ ಬಿಟ್ಟಿಲ್ಲ ಅಕ್ಕಾರ, ನೀವು ಹೇಳಿದಂಗ.”

ನಾನು ಹೇಳಿದ ಹಾಗೆಯೇ ಮಾಡಿದ್ದಳು. ನನ್ನ ತಲೆಯಲ್ಲಿದ್ದ ಅಷ್ಟೂ ತಿಳಿವಳಿಕೆಯ ಮೇಲೆ ಹೇಸಿಗೆ ಬಂತು. ಹನ್ನೊಂದು ವರ್ಷದಲ್ಲಿ ನನ್ನ ಕಿಡ್ನಿ ನೆಟ್ಟಗೆ ಉಳಿದದ್ದು ಆ ನೊರೆಯ ವಿಷಯ ನನಗೆ ಯಾರೋ ನಾಚದೆ ಹೇಳಿದ್ದರಿಂದ.

ಒಳಗೆ ಕರೆಸಿಕೊಂಡು, ಅವಳ ಎರಡೂ ಕಿಡ್ನಿ ಹೋಗಿವೆ, ಇನ್ನು ಡಯಾಲಿಸಿಸ್ ಎಂದು ಹೇಳಿ ಡಾಕ್ಟರ್‌ಬಾಯಿ ಪೆನ್ನು ಕೆಳಗಿಟ್ಟರು. “ಅವತ್ತೇ ಹೇಳಿದ್ದೆವಲ್ಲ,” ಎಂದು ಮರಾಠಿಯಲ್ಲಿ ನನ್ನ ಕಡೆ ತಿರುಗಿದರು, “ಈ ಜನ ಕೇಳುವುದೇ ಇಲ್ಲ.”

ಹೇಳದೆ ಬಿಟ್ಟವಳು ನಾನು ಎನ್ನದೆ ರಿಪೋರ್ಟನ್ನು ಮಡಚಿ ಕವರಿನೊಳಗೆ ಇಟ್ಟೆ.

ಅವಳು ನನ್ನ ಕೈ ಹಿಡಿದಳು. “ಏನಂತಾರ್ರಿ ಅಕ್ಕಾರ?”

“ನಿಂದೇನೂ ತಪ್ಪಿಲ್ಲಂತ, ತಂಗಿ,” ಎಂದೆ.