ಬರ್ತೀನಿ ಅಂದ ಮೇಲೆ

ಪ್ರಶಸ್ತಿ ನನಗೆ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನಮ್ಮಮ್ಮನ ಹಾಗೆ ನೀವೂ ಕೊನೆಯವರೆಗೆ ಆಸೆ ಇಟ್ಟುಕೊಂಡು ಕೂರುತ್ತೀರಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೊಡುವ ಒಂದು ಪ್ರಶಸ್ತಿಯ ಕೊನೆಯ ಸುತ್ತಿಗೆ ಆಯ್ಕೆಯಾದವರಲ್ಲಿ ನಾನೂ ಒಬ್ಬಳಾಗಿದ್ದೆ, ಅಷ್ಟೆ. ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಮೂರನೇ ವರ್ಷ ಓದುತ್ತಿದ್ದೆ. ನಮ್ಮೂರು ಮಂಚೇನಹಳ್ಳಿಗೆ ಫೋನ್ ಮಾಡಿ, "ಅಮ್ಮಾ, ಶಾರ್ಟ್‌ಲಿಸ್ಟಲ್ಲಿ ನನ್ನ ಹೆಸರು ಬಂದೈತೆ" ಅಂದೆ. ಅಮ್ಮ ಗಾಬರಿಬಿದ್ದಳು.

"ಶಾರ್ಟೇಜಾ? ಅಯ್ಯೋ, ಎಷ್ಟು ದಿನ ಕ್ಲಾಸಿಗೆ ಹೋಗಿಲ್ವೇ ನೀನು? ಪರೀಕ್ಷೆಗೆ ಕೂರ್ಸಲ್ವಂತಾ?"

ಅಮ್ಮನ ತಪ್ಪೇನಿಲ್ಲ. ಹಿಂದಿನ ವರ್ಷ ಎದುರುಮನೆಯ ಹುಡುಗಿಗೆ ಹಾಜರಾತಿ ಸಾಲದೆ ಅವಳ ಹೆಸರನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಿದ್ದರು. ಕಾಲೇಜಿನವರು ಹೆಸರು ಹಾಕಿದರೆಂದರೆ ನಮ್ಮ ಬೀದಿಯಲ್ಲಿ ಅದಕ್ಕೆ ಒಂದೇ ಅರ್ಥ. ಬಿಡಿಸಿ ಹೇಳಿದ ಮೇಲೆ ಅಮ್ಮ ಅತ್ತಳು. ಸಂಜೆಯೊಳಗೆ ಮಗಳಿಗೆ ಪ್ರಶಸ್ತಿಯೇ ಬಂತೆಂದು ಬೀದಿಗೆಲ್ಲ ಸಾರಿ ಬಂದಳು. ಬೇಡಮ್ಮಾ ಅಂದರೆ ಕೇಳುವವರು ಯಾರು?

ಇಷ್ಟಕ್ಕೂ ನಾನು ಮಾಡಿದ್ದು ನಮ್ಮ ವಾರ್ಡಿನಲ್ಲಿದ್ದ ಒಬ್ಬ ಮುದಿ ಅವ್ವನಿಗೆ ಗಂಜಿ ತಿನ್ನಿಸಿದ್ದು. ಶಿಡ್ಲಘಟ್ಟದಲ್ಲಿ ಬಹಳ ವರ್ಷ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡಿದವಳು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೆಚ್ಚುಕಮ್ಮಿ ಹೋಗಿತ್ತು. ಗೂಡಿನ ಮಾರ್ಕೆಟ್ಟಿನಲ್ಲಿ ಪಟಪಟ ಆಡುತ್ತಿದ್ದ ಕನ್ನಡ ಪೂರಾ ಅಳಿಸಿಹೋಗಿ, ಉಳಿದಿದ್ದು ಹುಟ್ಟಿದ ಮನೆಯ ನಾಲ್ಕಾರು ತೆಲುಗು ಮಾತು. ಮೂಗಿಗೆ ಹಾಕಿದ ಊಟದ ಪೈಪನ್ನು ಬಂದ ದಿನವೇ ಎಡಗೈಯಿಂದ ಕಿತ್ತು ಬಿಸಾಡಿದ್ದಳು. ಬಾಯಿಂದ ಕೊಟ್ಟು ನೋಡಿ, ಆದರೆ ಜೋಪಾನ, ಎಂದಿದ್ದರು ಡಾಕ್ಟರು. ಯಾರು ಹೋದರೂ ಅವ್ವ ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುತ್ತಿದ್ದಳು.

ನನ್ನ ಅಜ್ಜಿಯ ಮನೆ ಚಿಂತಾಮಣಿಯ ಕಡೆ. ಅಲ್ಲಿ ಬೈಯುವುದೂ ಮುದ್ದಿಸುವುದೂ ತೆಲುಗಿನಲ್ಲೇ. "ಅವ್ವಾ, ಕೊಂಚೆಂ ತಿನು" ಎಂದೆ, ಸ್ವಲ್ಪ ತಿನ್ನು ಅಂತ. ಅವ್ವ ನನ್ನನ್ನೇ ನೋಡಿದಳು. ಬಾಯಿ ತೆರೆದಳು. ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿ, ಗದ್ದ ತಗ್ಗಿಸಿ, ಗಟ್ಟಿ ರಾಗಿಗಂಜಿ, ಅರ್ಧರ್ಧ ಚಮಚ. ನುಂಗಿದಳೋ ಇಲ್ಲವೋ ನೋಡಿ ಮುಂದಿನದು. ತಿನ್ನುವಾಗ ಅವಳ ಎಡಗೈ ನನ್ನ ಏಪ್ರನ್ನಿನ ಅಂಚನ್ನು ಹಿಡಿದು ಎಳೆಯ ತುದಿ ಹುಡುಕುವ ಹಾಗೆ ಉಜ್ಜುತ್ತಲೇ ಇರುತ್ತಿತ್ತು. ನನ್ನ ಕೈಯಲ್ಲಿ ಬಿಟ್ಟರೆ ಇನ್ನೊಬ್ಬರ ಕೈಯಲ್ಲಿ ತಿನ್ನುತ್ತಿರಲಿಲ್ಲ. ವಾರ್ಡಿನ ಸಿಸ್ಟರ್ ಇದನ್ನೇ ಬರೆದು ಪ್ರಶಸ್ತಿಗೆ ಕಳಿಸಿದ್ದು. ನನಗೂ ಒಳಗೊಳಗೇ ಹೆಮ್ಮೆ. ನನ್ನ ಕೈಯಲ್ಲೇ ತಿನ್ನುವ ಆ ಅಭ್ಯಾಸದಲ್ಲಿ ಅವ್ವನಿಗೆ ಒಂದು ಕಷ್ಟ ಕಾದಿದೆ ಅಂತ ಸಿಸ್ಟರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಮ್ಮ ಕಡೆ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. 'ಬರ್ತೀನಿ' ಅನ್ನಬೇಕು. ಆಸ್ಪತ್ರೆಯಲ್ಲಿ ಮಾತ್ರ ಇದು ತಿರುಗುಮುರುಗು. ಮೊದಲ ವರ್ಷದಲ್ಲಿ, ಗುಣವಾಗಿ ಮನೆಗೆ ಹೊರಟ ಒಬ್ಬರಿಗೆ ನಾನು ಸಂಭ್ರಮದಿಂದ "ಹೋಗಿ ಬನ್ನಿ" ಅಂದುಬಿಟ್ಟಿದ್ದೆ. ಸಿಸ್ಟರ್ ಪಕ್ಕಕ್ಕೆ ಕರೆದು, "ಯಾಕಮ್ಮಾ, ಇನ್ನೊಂದ್ಸಲ ಕಾಯಿಲೆ ಬೀಳ್ಲಿ ಅಂತಾನಾ? ಹುಷಾರು ಅನ್ನು, ಸಾಕು" ಎಂದರು. ಅಲ್ಲಿಂದ ಮುಂದೆ ಮನೆಗೆ ಹೊರಟವರಿಗೆಲ್ಲ 'ಹುಷಾರು.' ಆದರೆ ಹೊರಡುವವರು ನಾವೇ ಆದಾಗ ಏನನ್ನಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ದಿನಾ ಡ್ಯೂಟಿ ಮುಗಿಸಿ, "ಪೋಯೊಸ್ತಾ ಅವ್ವಾ" ಅನ್ನುತ್ತಿದ್ದೆ. ಹೋಗಿ ಬರ್ತೀನಿ. ದಿನಾ ಹೋಗಿ ದಿನಾ ಬರುತ್ತಲೂ ಇದ್ದೆ.

ಸಂದರ್ಶನ ಬೆಂಗಳೂರಿನಲ್ಲಿ. ಹಿಂದಿನ ದಿನ ಹೊರಡುವಾಗ ಅವ್ವ ಏಪ್ರನ್ನಿನ ಅಂಚು ಬಿಡಲಿಲ್ಲ. "ಒಸ್ತಾವಾ?" ಎಂದಳು. ಬರ್ತೀಯಾ? ಹಾಗೆ ಅವಳು ಕೇಳಿದ್ದು ಅದೇ ಮೊದಲು. ನಾಳೆ ಇಲ್ಲ ಅವ್ವಾ, ಬೆಂಗಳೂರು, ಪ್ರಶಸ್ತಿ ಎಂದೆಲ್ಲ ತೆಲುಗಿನಲ್ಲಿ ಹೇಳುತ್ತಾ ಹೋದೆ. ಅವಳು ಕಾದಿದ್ದು ಒಂದೇ ಮಾತಿಗೆ. "ಒಸ್ತಾ ಅವ್ವಾ", ಬರ್ತೀನಿ, ಅಂದ ಮೇಲೆ ಬೆರಳು ಸಡಿಲವಾದವು. ನಮ್ಮ ಬ್ಯಾಚಿನ ಗೆಳತಿಯೊಬ್ಬಳಿಗೆ ಚಮಚದಿಂದ ಹಿಡಿದು ದಿಂಬಿನವರೆಗೆ ಎಲ್ಲ ಒಪ್ಪಿಸಿ ಹೊರಟೆ.

ಬೆಂಗಳೂರಿನಲ್ಲಿ ಉದ್ದನೆಯ ಮೇಜಿನ ಆಚೆ ಕೂತಿದ್ದವರು ಒಳ್ಳೆಯವರೇ. "ಆ ರೋಗಿಯ ಬದುಕಿನಲ್ಲಿ ನೀವು ತಂದ ಬದಲಾವಣೆ ಏನು?" ಎಂದು ಕೇಳಿದರು. "ಊಟ ಮಾಡಿದ್ರು, ಸರ್" ಎಂದೆ. ಮುಂದೆ ಏನಾದರೂ ಹೇಳುತ್ತೇನೆಂದು ಕಾದರು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ವಾರ್ಡಿಗೆ ಗಂಜಿ ಬರುವ ಹೊತ್ತು. ಹೊರಗೆ ಬಂದು ಫೋನ್ ಮಾಡಿದರೆ ಗೆಳತಿ, "ಬಾಯೇ ಬಿಡ್ತಿಲ್ಲ ಕಣೇ. ಬಾಗಿಲ ಕಡೇನೇ ನೋಡ್ತಾ ಐತೆ" ಎಂದಳು. ಫೋನನ್ನು ಅವ್ವನ ಕಿವಿಗೆ ಹಿಡಿಸಿ ನಾನು ರಸ್ತೆಯಲ್ಲಿ ನಿಂತು "ಕೊಂಚೆಂ ತಿನು" ಎಂದು ಕೂಗಿದೆ. ಅವ್ವ ನನ್ನನ್ನು ಹುಡುಕಲು ತಲೆ ತಿರುಗಿಸಿದಳಂತೆ, ಅಷ್ಟರಲ್ಲಿ ಗೆಳತಿ ಹೇಗೋ ಬಾಯಿಗೆ ಸೇರಿಸಿದ್ದ ತುತ್ತು ನೆತ್ತಿಗೆ ಹತ್ತಿತಂತೆ. ನನಗೆ ಕೇಳಿಸಿದ್ದು ಕೆಮ್ಮು. ಆಮೇಲೆ ಫೋನ್ ಕಟ್ಟಾಯಿತು.

ಮರುದಿನ ಬೆಳಿಗ್ಗೆ ಓಡಿಹೋಗೋಣವೆಂದರೆ ಕಾಲೇಜಿನಲ್ಲಿ ನನಗೆ ಸನ್ಮಾನ. ಬೆಂಗಳೂರಿನವರೆಗೆ ಹೋಗಿಬಂದದ್ದಕ್ಕೆ ಶಾಲು, ಹಾರ, ಫೋಟೊ. ಬಿಡಿ ಎಂದು ಕೇಳುವ ಧೈರ್ಯ ನನಗೆಲ್ಲಿತ್ತು? ಹಾರ ಹಾಕಿಸಿಕೊಂಡು ಎಲ್ಲರ ಜೊತೆ ನಕ್ಕೆ. ಆ ಫೋಟೊ ಅಮ್ಮನ ಮನೆಯ ಗೋಡೆಯ ಮೇಲೆ ಇವತ್ತಿಗೂ ಇದೆ. ನನಗೆ ಅದನ್ನು ಕಂಡರಾಗದು.

ಮಧ್ಯಾಹ್ನ ವಾರ್ಡಿಗೆ ಹೋದೆ. ಅವ್ವನ ಮೂಗಿನಲ್ಲಿ ಪೈಪು. ಮತ್ತೆ ಕೀಳದ ಹಾಗೆ ಎಡಗೈಯನ್ನು ಬ್ಯಾಂಡೇಜಿನ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ತಲೆಯ ಹತ್ತಿರ 'ಬಾಯಿಯಿಂದ ಏನೂ ಕೊಡಬಾರದು' ಎಂಬ ರಟ್ಟು. ಡಾಕ್ಟರು ಮಾಡಿದ್ದರಲ್ಲಿ ತಪ್ಪು ಹುಡುಕೋಣವೆಂದರೆ ಅದೂ ಇಲ್ಲ. ಪರೀಕ್ಷೆಯಲ್ಲಿ ಕೇಳಿದ್ದರೆ ನಾನೂ ಅದನ್ನೇ ಬರೆದು ಅಂಕ ತೆಗೆಯುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ನನ್ನನ್ನು ಕಂಡ ಕೂಡಲೇ ಅವ್ವ ಬಾಯಿ ತೆರೆದಳು. ಮಾತಿಗಲ್ಲ. ಗಂಜಿಗೆ ತೆರೆಯುತ್ತಿದ್ದಳಲ್ಲ, ಹಾಗೆ.

"ಇಪ್ಪುಡು ಒದ್ದವ್ವಾ" ಎಂದೆ. ಈಗ ಬೇಡ. ಅವ್ವ ಮುಚ್ಚಲಿಲ್ಲ. ಒಣಗಿದ ನಾಲಿಗೆ ಕಾಣುತ್ತಿತ್ತು. ಒದ್ದೆ ಹತ್ತಿಯಿಂದ ತುಟಿ ಒರೆಸಿದೆ. ಅಷ್ಟಕ್ಕೆ ಮಾತ್ರ ನನಗೆ ಅನುಮತಿ ಇತ್ತು. ಏಪ್ರನ್ನಿನ ಅಂಚನ್ನು ಕಟ್ಟಿದ ಕೈಗೆ ಸಿಗುವಷ್ಟು ಹತ್ತಿರ ತಂದುಕೊಟ್ಟು ಡ್ಯೂಟಿ ಮುಗಿಯುವವರೆಗೆ ನಿಂತೆ.

ನಾಳೆಯಿಂದ ನಮ್ಮ ಬ್ಯಾಚಿಗೆ ಗೌರಿಬಿದನೂರಿನ ಹಳ್ಳಿಗಳಲ್ಲಿ ಪೋಸ್ಟಿಂಗ್ ಎಂದು ಆಗಲೇ ಹೇಳಿಯಾಗಿತ್ತು. ಹೊರಡುವಾಗ ಅಭ್ಯಾಸಬಲದಿಂದ 'ಪೋಯೊಸ್ತಾ' ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಬೇರೆ ಯಾವ ಮಾತೂ ಹೊಳೆಯದೆ, ಮನೆಗೆ ಹೊರಟವರಿಗೆ ಹೇಳುವುದನ್ನೇ ಅವಳಿಗೂ ಹೇಳಿದೆ.

"ಜಾಗ್ರತ್ತ ಅವ್ವಾ." ಹುಷಾರು.

ಅದನ್ನು ಕೇಳಿ ಅವ್ವ ಬಾಯಿ ಮುಚ್ಚಿದಳು.