ಏಳನೆಯ ಬಾಗಿಲಿನ ಹಿಂದೆ ಯಾರಿದ್ದರು?

ಅವತ್ತು ಮಧ್ಯಾಹ್ನ ಕೊಪ್ಪಳದ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಜನ ಹೆಂಗಸರಿದ್ದೆವು. (ನನ್ನನ್ನೂ ಹೆಂಗಸರಲ್ಲೇ ಎಣಿಸಿದ್ದೇನೆ. ವಯಸ್ಸು ಹತ್ತು, ಆದರೆ ಕಿವಿ ನಲವತ್ತರದ್ದು.) ಕಂಬಕ್ಕೊರಗಿ ಆಯಿ, ಅಂದರೆ ನನ್ನ ತಂದೆಯ ತಾಯಿ. ಮೊರದ ತುಂಬ ನವಣೆ ಹಾಕಿಕೊಂಡು ಅವ್ವ. ಪಕ್ಕದ ಮನೆಯ ನೀಲವ್ವ. ಅರ್ಧ ಮುಚ್ಚಿದ ಮುಂಬಾಗಿಲಿನ ಹಿಂದೆ, ಹೊರಗಿನವರಿಗೆ ಸೆರಗಿನ ಅಂಚೂ ಕಾಣದಂತೆ ಕೂತವಳು ಗಂಗಚಿಗವ್ವ, ನಮ್ಮ ಕಾಕಾನ ಹೆಂಡತಿ. ಅವಳ ತೊಡೆಯ ಮೇಲೆ ಒಂದು ಪುಸ್ತಕ.

ಬಾಗಿಲಿನ ಆಚೆ, ಕಟ್ಟೆಯ ಮೇಲೆ, ಒಬ್ಬ ಗಂಡಸು. ಸ್ಟೇಷನ್ನಿನ ಸುಂಕದ ನಾಕಾದ ಮುನ್ಷಿ ಸಾಹೇಬರು. ತಲೆಯ ಮೇಲೆ ಟೋಪಿ, ಕೈಯಲ್ಲಿ ಚಹಾದ ಬಸಿ.

ಸುಂಕದವರು ಮನೆಗೆ ಬಂದರೆ ಜನ ಗಾಬರಿಯಾಗಿ ಪೆಟ್ಟಿಗೆ ಮುಚ್ಚಿಡುತ್ತಾರೆ. ನಮ್ಮ ಮನೆಯಲ್ಲಿ ಅವರಿಗೆ ಕತೆ ಓದಿ ಹೇಳುತ್ತಿದ್ದರು!

ಇದೆಲ್ಲ ಈಗ ಏಕೆ ನೆನಪಾಯಿತು? ಮೊನ್ನೆ ಮೊಮ್ಮಗಳು ಒಂದು ಫಾರಂ ಹಿಡಿದುಕೊಂಡು ಬಂದಳು. ಅವಳ ಶಾಲೆಯ ಲೈಬ್ರರಿಯವರು ಕೊಟ್ಟದ್ದಂತೆ. "ನಿಮ್ಮ ಮನೆಯ ಹಿರಿಯರ ಮೆಚ್ಚಿನ ಪುಸ್ತಕ ಸೀರೀಸ್ ಯಾವುದು? ಏಕೆ? ಎರಡು ಸಾಲಿನಲ್ಲಿ ಬರೆಯಿರಿ." ನಾನು ಪೆನ್ನು ಹಿಡಿದೆ. ಎರಡು ಸಾಲಿನಲ್ಲಿ ಆಯಿಯ ಕೆಮ್ಮೂ ಹಿಡಿಸುವುದಿಲ್ಲ. ಫಾರಂ ಖಾಲಿ ಉಳಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಹೇಗಿದ್ದರೂ ಸಹಿಸಿಕೊಳ್ಳುವವರು.

ಆಗ ನಮ್ಮದು ನಿಜಾಮರ ಸೀಮೆ. ಸಾಲಿಯಲ್ಲಿ ಕಲಿಸುತ್ತಿದ್ದದ್ದು ಉರ್ದು. ಮನೆಯಲ್ಲಿ ಬೈಗುಳದಿಂದ ಹಿಡಿದು ಜೋಗುಳದ ತನಕ ಎಲ್ಲವೂ ಕನ್ನಡ. ಹಾಗಾಗಿ ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕಾಕಾನದೂ ಅದೇ ಕತೆ. ಇಡೀ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ಗಂಗಚಿಗವ್ವ ಒಬ್ಬಳೇ. ಅವಳ ತವರು ಗದಗ, ಗಡಿಯ ಆಚೆ. ಅಲ್ಲಿ ಕನ್ನಡ ಸಾಲಿ ಇತ್ತು. ಅವಳಿಗೆ ಉರ್ದು ಗೊತ್ತಿರಲಿಲ್ಲ.

ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಗಳ ಅಡಿ ನಾಲ್ಕು ಪುಸ್ತಕ ತಂದಿದ್ದಳು. "ಏಳು ಬಾಗಿಲ ವಾಡೆ" ಎಂಬ ಮಾಲೆಯ ಮೊದಲ ನಾಲ್ಕು ಭಾಗ. (ಆಗ ಸೀರೀಸ್ ಅನ್ನುತ್ತಿರಲಿಲ್ಲ. ಮಾಲೆ. ಎಷ್ಟು ಚಂದದ ಮಾತು, ಅಲ್ಲವೇ?) ಕತೆ ಇಷ್ಟೇ: ಚಂಪಾವತಿ ಎಂಬುವಳ ಗಂಡ ಕೋಟೆಯಂಥ ಒಂದು ಹಳೆಯ ವಾಡೆಯೊಳಗೆ ಹೋದವನು ಹೊರಗೆ ಬಂದಿಲ್ಲ. ವಾಡೆಗೆ ಒಂದರೊಳಗೊಂದು ಏಳು ಬಾಗಿಲು. ಭಾಗಕ್ಕೊಂದು ಬಾಗಿಲು ತೆರೆಯುತ್ತಾಳೆ. ಪ್ರತಿ ಭಾಗದ ಕೊನೆಯ ಸಾಲಿನಲ್ಲಿ ಮುಂದಿನ ಬಾಗಿಲ ಅಗುಳಿಯ ಮೇಲೆ ಕೈ ಇಡುತ್ತಾಳೆ. ಮುಗಿಯಿತು! ಮುಂದಿನ ಭಾಗ ಅಚ್ಚಾಗಿ ಬರುವ ತನಕ, ಮೂರು ತಿಂಗಳು ಆ ಕೈ ಅಲ್ಲೇ.

ಪುಸ್ತಕ ಆಯಿಯ ಕಣ್ಣಿಗೆ ಬಿದ್ದ ದಿನ ದೊಡ್ಡ ಗದ್ದಲ. "ಸೊಸಿ ಪುಸ್ತಕ ಹಿಡಕೊಂಡು ಕುಂತ್ರ ಒಲಿ ಯಾರು ಹಚ್ಚೂರು?" ಎಂದು ಕೂಗಾಡಿದಳು. ಆಮೇಲೆ, "ಅದರಾಗ ಅಂಥಾದ್ದೇನು ಬರದಾರ, ಓದು ನೋಡೂಣು" ಎಂದಳು. ತಪ್ಪಾದದ್ದು ಅಲ್ಲೇ. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ಒಲೆ ಹಚ್ಚುತ್ತಿದ್ದವಳು ಆಯಿಯೇ! "ನೀ ಓದವಾ, ರೊಟ್ಟಿ ನಾ ಬಡೀತೀನಿ."

ನೀಲವ್ವ ಮಾತ್ರ ಬೇರೆ ಥರ ಕೇಳುತ್ತಿದ್ದಳು.

ನೀಲವ್ವನ ಗಂಡ ಬಸಪ್ಪ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿ ನಾಲ್ಕು ವರ್ಷ. ಮೊದಲ ವರ್ಷ ಎರಡು ಕಾಗದ ಬಂದವು. ಆಮೇಲೆ ಒಂದೂ ಇಲ್ಲ. ಓಣಿಯ ಹಿರಿಯರು ಮೆಲ್ಲಗೆ ಶುರು ಮಾಡಿದ್ದರು: "ಇನ್ನ ಎಷ್ಟು ದಿನ ಕುಂಕುಮ ಹಚ್ಚಿಕೊಂಡು ಅಡ್ಡಾಡ್ತಿ?" ಅವಳು ಮರುದಿನ ಇನ್ನೂ ದೊಡ್ಡದಾಗಿ ಹಚ್ಚುತ್ತಿದ್ದಳು. ಪಡಸಾಲೆಯಲ್ಲಿ ಚಂಪಾವತಿಯ ಗಂಡನ ಮಾತು ಬಂದಾಗಲೆಲ್ಲ, "ಅದಾನ. ಒಳಗ ಅದಾನ. ಏಳನೇ ಬಾಗಲದಾಗ ಅದಾನ" ಎನ್ನುತ್ತಿದ್ದಳು. ಯಾರ ಗಂಡನ ಬಗ್ಗೆ ಹೇಳುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಎದುರಾಡುತ್ತಿರಲಿಲ್ಲ.

ಐದನೆಯ, ಆರನೆಯ ಭಾಗಗಳನ್ನು ಚಿಗವ್ವನ ಅಣ್ಣ ನೆಂಟರ ಕೈಯಲ್ಲಿ ಕಳಿಸಿಕೊಟ್ಟ. ಏಳನೆಯದನ್ನು ತರಲು ಕಾಕಾನೇ ಗದಗಿಗೆ ಹೋದ. ತಿರುಗಿ ಬಂದು ರೈಲು ಇಳಿದರೆ ಸುಂಕದ ನಾಕಾದಲ್ಲಿ ಮುನ್ಷಿ ಸಾಹೇಬರು ಹಿಡಿದರು. ನಮ್ಮ ಕಡೆ ಬಾಯಲ್ಲಿ ಮಾಲೆ ಹೋಗಿ ಮಾಲಿ ಆಗುತ್ತದೆ, ನಿಮಗೆ ಗೊತ್ತೇ ಇದೆ. ಉರ್ದುವಿನವರ ಕಿವಿಯಲ್ಲಿ ಅದು ಮಾಲು, ಸುಂಕ ಕಟ್ಟುವ ಸರಕು!

"ಗಂಟಿನಾಗ ಏನೈತಿ?"

"ಮಾಲಿ ಐತ್ರಿ, ಸಾಹೇಬ್ರ."

"ಮಾಲ್? ಎಷ್ಟೈತಿ?"

"ಏಳನೇದ್ರಿ."

"ಏಳನೇ ಮಾಲ್! ಮದಲಿನ ಆರು ಎಲ್ಲಿ ಅದಾವು?"

"ಅವಾಗ್ಲೇ ಮನಿ ಮುಟ್ಯಾವ್ರಿ. ಮಂದಿ ಕೈಲೆ ತರಿಸೀವಿ."

ಕಳ್ಳಸಾಗಣೆಯನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಮನುಷ್ಯನನ್ನು ಮುನ್ಷಿ ಸಾಹೇಬರು ಕಂಡಿರಲಿಕ್ಕಿಲ್ಲ. ಗಂಟು ಬಿಚ್ಚಿದರು. ಒಂದು ಪುಸ್ತಕ. ಹೊರಗಿನಿಂದ ಬಂದ ಅಚ್ಚಿನ ಕಾಗದವೆಂದರೆ ಒಳಗೇನಿದೆ ನೋಡಿಯೇ ಬಿಡಬೇಕು. ಅವರೋ ಗಂಗಾವತಿ ಕಡೆಯವರು, ಕನ್ನಡ ನಮ್ಮಷ್ಟೇ ಮಾತಾಡುತ್ತಿದ್ದರು. ಓದಲು ಬಾರದು. "ನೀನ ಓದು" ಎಂದರು. ಕಾಕಾ ತಲೆ ಕೆರೆದುಕೊಂಡ. "ನನಗೂ ಬರಂಗಿಲ್ರಿ."

"ಓದಾಕ ಬರದ ಪುಸ್ತಕ ಯಾಕ ತಂದಿಯೋ ಮಾರಾಯ?"

ಪುಸ್ತಕ ನಾಕಾದಲ್ಲಿ ಉಳಿಯಿತು. ಹದಿನೈದು ದಿನ ನಮ್ಮ ಮನೆಯಲ್ಲಿ ಸೂತಕದ ಕಳೆ. ಆಯಿ ಮುನ್ಷಿ ಸಾಹೇಬರ ಏಳು ತಲೆಮಾರನ್ನು ಭಾಗಕ್ಕೊಂದರಂತೆ ಬೈದಳು.

ಹದಿನಾರನೆಯ ದಿನ ಅವರೇ ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಆದದ್ದೇನೆಂದರೆ, ಸ್ಟೇಷನ್ನಿನಲ್ಲಿ ಗದಗ ಕಡೆಯ ಗೂಡ್ಸ್ ಕ್ಲರ್ಕ್ ಒಬ್ಬ ಬಿಡುವಿದ್ದಾಗ ಓದಿ ಓದಿ ಅವರಿಗೆ ಇಡೀ ಏಳನೆಯ ಭಾಗ ಕೇಳಿಸಿದ್ದ. ಈಗ ಅವರಿಗೆ ನಿದ್ದೆ ಇಲ್ಲ. ಜನ ಕತೆಯೊಳಗೆ ಮೊದಲ ಬಾಗಿಲಿನಿಂದ ಹೋಗುತ್ತಾರೆ. ಇವರು ಏಳನೆಯದರಿಂದ ಹೊಕ್ಕಿದ್ದರು!

"ಬಾಯೀ," ಎಂದರು ಮುಚ್ಚಿದ ಬಾಗಿಲಿಗೆ, "ನಿಮ್ಮ ಕಿತಾಬು ಕೊಡ್ತೀನಿ. ಆದ್ರ ಮದಲಿನ ಆರು ಬಾಗಲಾ ನನಗ ಕೇಳಿಸ್ರಿ. ದಿನಕ್ಕೊಂದು."

ಆಯಿ ಒಳಗಿನಿಂದಲೇ, "ಕಡೀಕ ಏನಾಗ್ತೈತಿ ನಿಮಗ ಗೊತ್ತೈತೇನು?" ಎಂದು ಕೇಳಿದಳು.

"ಗೊತ್ತೈತ್ರೀ."

"ಹೇಳಬ್ಯಾಡ್ರಿ ಮತ್ತ! ಹೇಳಿದ್ರ ಚಹಾ ಇಲ್ಲ."

ಆರು ಮಧ್ಯಾಹ್ನ ಬಂದರು. ಚಿಗವ್ವ ಬಾಗಿಲ ಹಿಂದೆ ಕೂತು ಓದಿದಳು. ಅವರು ಕಟ್ಟೆಯ ಮೇಲೆ ಕೂತು ಕೇಳಿದರು. ನಡುನಡುವೆ ನೀಲವ್ವನ "ಅದಾನ, ಒಳಗ ಅದಾನ" ಅವರ ಕಿವಿಗೂ ಬೀಳುತ್ತಿತ್ತು. ಎರಡನೆಯ ದಿನ, "ಈ ತಂಗಿ ಯಾರು?" ಎಂದು ಕೇಳಿದರು. ಆಯಿ ಎಲ್ಲ ಹೇಳಿದಳು. ಅವತ್ತು ಅವರ ಚಹಾ ಬಸಿಯಲ್ಲೇ ಆರಿತು.

ನೋಡಿ, ಸೀರೀಸ್ ಎಂದರೆ ಸಸ್ಪೆನ್ಸ್ ಎನ್ನುತ್ತಾರೆ. ಪಾತ್ರಗಳು ಎನ್ನುತ್ತಾರೆ. ನನಗೆ ಬೇರೆಯೇ ಅನ್ನಿಸುತ್ತದೆ. ಒಂದೇ ಪುಸ್ತಕವೆಂದರೆ ಊಟ ಮಾಡಿ ಹೋಗುವ ನೆಂಟ. ಮಾಲೆ ಹಾಗಲ್ಲ, ನಡುವೆ ಮೂರು ತಿಂಗಳು ಖಾಲಿ ಬಿಡುತ್ತದೆ. ಆ ಖಾಲಿಯಲ್ಲಿ ಬರೆದವನದು ಏನೂ ಇರುವುದಿಲ್ಲ. ನಾವು ನಮ್ಮದನ್ನೇ ತುಂಬುತ್ತೇವೆ. ನೀಲವ್ವ ಅಲ್ಲಿ ಬಸಪ್ಪನನ್ನು ಇಟ್ಟಿದ್ದಳು.

ಏಳನೆಯ ದಿನ. ಮುನ್ಷಿ ಸಾಹೇಬರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು, ಒಳಗೆ ಒಯ್ಯಲು. ಹೊಸ್ತಿಲು ದಾಟುವಾಗ ಪುಟಗಳ ನಡುವಿನಿಂದ ಒಂದು ಚೀಟಿ ಜಾರಿ ಬಿತ್ತು. ಉರ್ದುವಿನಲ್ಲಿತ್ತು. ನಾಕಾದ ದಫ್ತರಕ್ಕೆಂದು ಬರೆದದ್ದಿರಬೇಕು. ನಾನು ಓದಿದೆ: "ಕಿಸ್ಸಾ ಹೈ. ಆಖಿರ್ ಮೇಂ ಶೌಹರ್ ಮರಾ ಹುವಾ ಮಿಲಾ. ಕೋಯೀ ಏತರಾಜ್ ನಹೀಂ." ಇದು ಕತೆ, ಕೊನೆಗೆ ಗಂಡ ಸತ್ತು ಸಿಕ್ಕ, ಆಕ್ಷೇಪವೇನೂ ಇಲ್ಲ. (ಇದಕ್ಕಿಂತ ಚಿಕ್ಕ ವಿಮರ್ಶೆಯನ್ನು ನಾನು ಇಂದಿಗೂ ಓದಿಲ್ಲ.)

ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಮೂಲೆಯಲ್ಲಿ ಕೂತೆ. ಚಿಗವ್ವ ಓದತೊಡಗಿದಳು. ಚಂಪಾವತಿ ಅಗುಳಿ ಸರಿಸಿದಳು. ಬಾಗಿಲು ಕಿರುಗುಟ್ಟಿತು. ಚಿಗವ್ವ ಹಾಳೆ ತಿರುವಿದಳು, ಕಣ್ಣಾಡಿಸಿದಳು, ಓದು ನಿಲ್ಲಿಸಿದಳು.

"ಯಾಕ, ಗಂಗವ್ವ?" ಎಂದಳು ನೀಲವ್ವ.

"ಏನಿಲ್ಲಬೇ, ಗಂಟಲಾ ಒಣಗಿತು" ಎಂದ ಚಿಗವ್ವ ಮತ್ತೆ ಶುರು ಮಾಡಿದಳು. ಒಳಗೆ ಕತ್ತಲೆ. ಮೂಲೆಯಲ್ಲಿ ಒಂದು ಮಂಚ. ಮಂಚದ ಮೇಲೆ ಸೊರಗಿದ ಒಬ್ಬ ಮನುಷ್ಯ. ಅವನು ಕಣ್ಣು ತೆರೆದ. "ಬಂದೆಯಾ, ಚಂಪಾ?" ಎಂದ.

ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಯಿ ಗಟ್ಟಿಯಾಗಿಯೇ ಅತ್ತಳು. ಅವ್ವನ ಮೊರದಿಂದ ನವಣೆ ಚೆಲ್ಲಿತು. ಚಿಗವ್ವ ಓದುತ್ತಲೇ ಇದ್ದಳು. ಗಂಡ ಹೇಗೆ ಬದುಕಿದ, ಏನು ತಿಂದ, ಇಬ್ಬರೂ ಹೇಗೆ ಏಳು ಬಾಗಿಲು ದಾಟಿ ಹೊರಗೆ ಬಂದರು, ಎಲ್ಲ. ಅಷ್ಟು ಹೊತ್ತೂ ಒಂದೇ ಹಾಳೆಯ ಮೇಲೆ ಬೆರಳಿತ್ತು.

ನನಗೆ ತಡೆಯಲಾಗಲಿಲ್ಲ. "ಚಿಗವ್ವಾ, ಮತ್ತ ಈ ಚೀಟ್ಯಾಗ..."

"ಬೇಟೀ!" ಹೊರಗಿನಿಂದ ಮುನ್ಷಿ ಸಾಹೇಬರ ದನಿ. "ಒಂದು ತಂಬಿಗಿ ನೀರು ತಾ."

ಒಯ್ದೆ. ಅವರು ನೀರು ಕುಡಿಯಲಿಲ್ಲ. ನನ್ನ ಮುಷ್ಟಿ ಬಿಡಿಸಿ ಚೀಟಿ ತೆಗೆದುಕೊಂಡು ಟೋಪಿಯೊಳಗೆ ಇಟ್ಟುಕೊಂಡರು. "ಒಳಗ ಬಾಯಿಯವ್ರು ಏನು ಓದ್ಯಾರ, ಕಿತಾಬಿನಾಗ ಅದ ಐತಿ. ತಿಳೀತಿಲ್ಲೋ?" ಎಂದು ಪಿಸುಗುಟ್ಟಿದರು. ಆಮೇಲೆ ಬಾಗಿಲಿಗೆ ಕೇಳುವಂತೆ, "ವಾಹ್ ಬಾಯೀ! ಬರೋಬ್ಬರಿ ಓದಿದ್ರಿ" ಎಂದು ಎದ್ದು ಹೋದರು.

ಅಲ್ಲಿಗೆ ಸುಖಾಂತ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ನೀಲವ್ವ ಒಂದು ಗಂಟು ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದಳು. ಹಿಂದೆ ಅವಳ ಅಣ್ಣ, ಯಲಬುರ್ಗಾದಿಂದ ಬಂದವನು. "ಆಯೀ, ಸೊಲ್ಲಾಪುರಕ್ಕ ಹೊಂಟೀನಿ. ಚಂಪಾವತಿ ಏಳು ಬಾಗಲಾ ತಗದಾಳ, ನಾ ಒಂದು ರೈಲು ಹತ್ತಾಕ ಆಗೂದಿಲ್ಲೇನು?"

ಚಿಗವ್ವನಿಗೆ ಹೋಗಬೇಡ ಎನ್ನಲೂ ಬಾಯಿಲ್ಲ, ಹೋಗು ಎನ್ನಲೂ ಬಾಯಿಲ್ಲ. ನೀಲವ್ವ ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅವ್ವನ ಮುಂದೆ ಎಲ್ಲ ಹೇಳಿ ಅತ್ತಳು. "ಅಕ್ಕಾ, ಪುಸ್ತಕದಾಗ ಬರದಿದ್ದು ಬಿಟ್ಟು ಓದಿದ್ನಿ. ಏನಾರ ಆದ್ರ ಆ ಪಾಪ ನಂದು." ಎಂಟು ದಿನ ಅವಳ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ, ಓದುವ ಹೊತ್ತಿಗೆ ಸರಿಯಾಗಿ ನೀಲವ್ವ ಬಂದಳು. ಒಬ್ಬಳೇ. ಹಣೆಯಲ್ಲಿ ಕುಂಕುಮ ಇತ್ತು. ಎಲ್ಲರೂ ಮೊದಲು ನೋಡಿದ್ದು ಅದನ್ನೇ.

"ಅದಾನ," ಎಂದಳು. "ಜೀವಂತ ಅದಾನ. ಗಂಗವ್ವ, ನೀ ಓದಿದ್ದು ಖರೇ ಆತು. ಆದ್ರ ಬಾಗಲಾ ತಗದಾಕಿ ಬ್ಯಾರೇ ಹೆಣ್ಮಗಳು. ಬಗಲಾಗ ಒಂದು ಕೂಸಿತ್ತು."

ಆಯಿ ಅವಳ ಕೈ ಹಿಡಿದು ಕೂರಿಸಿದಳು. ನೀಲವ್ವ ನೀರು ಕುಡಿದಳು, ಬಾಯಿ ಒರೆಸಿಕೊಂಡಳು.

"ಏಳನೇ ಭಾಗ ತಗಿ. ಈಗ ಬರದಿದ್ದು ಓದು."

ಚಿಗವ್ವ ತೊದಲಿದಳು. "ಬರದಿದ್ದು... ಅಂದ್ರ?"

"ಅವತ್ತು ಅಷ್ಟೊತ್ತು ಓದಿದಿ, ಒಂದು ಹಾಳೀನೂ ತಿರುವಲಿಲ್ಲ. ನನಗ ಅಕ್ಷರ ಬರೂದಿಲ್ಲ ಖರೇ, ಕಣ್ಣೂ ಇಲ್ಲೇನು?"

"ಗೊತ್ತಿದ್ದೂ ಹೋದ್ಯಾ?" ಎಂದಳು ಆಯಿ.

"ಗೊತ್ತಿದ್ದಕ್ಕ ಹೋದ್ನಿ. ಗಂಗವ್ವ ನನ್ನ ಸಲುವಾಗಿ ಸುಳ್ಳು ಓದ್ಯಾಳಂದ್ರ, ಖರೇ ಎಷ್ಟು ಕೆಟ್ಟ ಇರಬೇಕು! ಹೋಗಿ ನೋಡೇಬಿಡೂಣು ಅನಿಸಿತು."

ಚಿಗವ್ವ ಓದಿದಳು. ಬಾಗಿಲು ತೆರೆಯಿತು, ಗಂಡ ಸತ್ತು ಬಹಳ ದಿನವಾಗಿತ್ತು, ಚಂಪಾವತಿ ಒಬ್ಬಳೇ ಏಳು ಬಾಗಿಲು ದಾಟಿ ಹೊರಗೆ ಬಂದಳು. ಮೂರು ಹಾಳೆ. ಮೂರನ್ನೂ ತಿರುವಿದಳು. ನೀಲವ್ವ ಅಳಲಿಲ್ಲ. "ಒಬ್ಬಾಕೀನ ಹೊರಗ ಬಂದ್ಲಲ್ಲ, ಛಲೋ ಆತು" ಎಂದಳು. ಆಮೇಲೆ, "ನಾಳಿಯಿಂದ ನನಗ ಅಕ್ಷರಾ ಕಲಸು. ಮುಂದಿನ ಮಾಲಿ ನಾನ ಓದ್ತೀನಿ."

ಆ ಮಳೆಗಾಲದಲ್ಲಿ ಹೊಸ ಮಾಲೆಯ ಮೊದಲ ಭಾಗ ಬಂತು. ಮೊದಲ ಪುಟವನ್ನು ನೀಲವ್ವ ಓದಿದಳು, ಅಕ್ಷರಕ್ಕೊಂದು ಬೆರಳಿಟ್ಟು. ಒಂದು ಪುಟಕ್ಕೆ ಅರ್ಧ ತಾಸು ಹಿಡಿಯಿತು. ಪಡಸಾಲೆಯಿಂದ ಯಾರೂ ಏಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಮುನ್ಷಿ ಸಾಹೇಬರೂ ಏಳಲಿಲ್ಲ.